ಇಲ್ಲದ ಕಾಯಿಲೆಗೆ ಪ್ರಾರ್ಥನೆ

ಆ ಬೀದಿಯಲ್ಲಿ ಫ್ರೇಮ್ ಅಂಗಡಿ ಎಂದರೆ ಅಕ್ಕತಂಗಿಯರ ಅಂಗಡಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಅವರ ಅಪ್ಪನ ಹೆಸರಿದ್ದರೂ ಅದು ಬಿಸಿಲಿಗೆ ಮಾಸಿ, ಓದುವವರು ಯಾರೂ ಉಳಿದಿರಲಿಲ್ಲ. ಮದುವೆಯ ಫೋಟೊ, ಪದವಿಯ ಸರ್ಟಿಫಿಕೇಟು, ತೀರಿಕೊಂಡ ಅಜ್ಜನ ಮುಖ, ಏನೇ ಇರಲಿ, “ಅಕ್ಕನ ಹತ್ರ ಕೊಟ್ಟು ಬಾ” ಅನ್ನುತ್ತಿದ್ದರು ಜನ. ಹೀಗೆ ಬೀದಿಗೆಲ್ಲ ಅಕ್ಕನಾದವಳು ದೊಡ್ಡವಳು. ಚಿಕ್ಕವಳು ಪುಟ್ಟಿ. ತಲೆಯಲ್ಲಿ ಅಲ್ಲಲ್ಲಿ ನರೆಗೂದಲು ಇಣುಕಿ, ಸಣ್ಣ ಮೊಳೆ ಹೊಡೆಯಲು ಕನ್ನಡಕ ಹುಡುಕುವಷ್ಟು ವಯಸ್ಸಾದರೂ ಪುಟ್ಟಿ ಪುಟ್ಟಿಯೇ.

ಅಕ್ಕ ಗಾಜು ಕತ್ತರಿಸುತ್ತಿದ್ದಳು. ಪುಟ್ಟಿ ಮರದ ಪಟ್ಟಿಗಳನ್ನು ಮೂಲೆಗೆ ಮೂಲೆ ಕೂಡಿಸುತ್ತಿದ್ದಳು. ಒಬ್ಬಳ ಕೆಲಸ ಮುಗಿಯದೆ ಇನ್ನೊಬ್ಬಳದು ಮುಗಿಯುವಂತಿರಲಿಲ್ಲ. ಪುಟ್ಟಿಯ ಹಾಲುಹಲ್ಲು ಬೀಳುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ನರ್ಸಿಂಗ್ ಓದಲು ಹೊರಟು ನಿಂತಿದ್ದ ಅಕ್ಕ, ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿಗಿಟ್ಟು, ತಂಗಿಯ ಜಡೆ ಹೆಣೆಯಲು ಕುಳಿತಳು. ಕುಳಿತವಳು ಮತ್ತೆ ಏಳಲೇ ಇಲ್ಲ. ಅಪ್ಪ ಹೋದ ಮೇಲೆ ಅಂಗಡಿಯೂ ಅವಳ ತಲೆಗೇ ಬಂತು.

ಪುಟ್ಟಿಗೆ ಏನು ಬೇಕೆಂಬುದು ಪುಟ್ಟಿಗಿಂತ ಮೊದಲು ಅಕ್ಕನಿಗೆ ಗೊತ್ತಾಗುತ್ತಿತ್ತು. ಗಿರಾಕಿಗಳು ಪುಟ್ಟಿಯನ್ನು ಕೇಳಿದರೆ ಉತ್ತರ ಅಕ್ಕನ ಬಾಯಿಂದ ಬರುತ್ತಿತ್ತು. ಒಮ್ಮೆ ಡಾಕ್ಟರು ಪುಟ್ಟಿಯ ಗಂಟಲಿಗೆ ಟಾರ್ಚು ಹಿಡಿದು “ಆ ಅನ್ನಿ” ಅಂದಾಗ ಪಕ್ಕದಲ್ಲಿ ನಿಂತಿದ್ದ ಅಕ್ಕ ಅಷ್ಟಗಲ ಬಾಯಿ ತೆರೆದು “ಆ” ಅಂದಿದ್ದಳು. ಇದನ್ನು ನೆನೆಸಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದದ್ದೂ ಉಂಟು.

ದೇವರ ಹತ್ತಿರ ಮಾತಾಡುವುದೂ ಅಕ್ಕನ ಕೆಲಸವೇ. ದಿನಾ ಬೆಳಿಗ್ಗೆ ಚಹಾದ ಲೋಟಗಳನ್ನು ಬದಿಗೆ ಸರಿಸಿ, ಮೇಜಿನ ಮೇಲೆ ಮೊಣಕೈಯೂರಿ ಅವಳು ಪ್ರಾರ್ಥಿಸುತ್ತಿದ್ದಳು. “ಸ್ವಾಮಿ, ಈ ದಿನ ಕೊಟ್ಟಿದ್ದಕ್ಕೆ ಸ್ತೋತ್ರ. ನನ್ನ ತಂಗೀನ ನಿನ್ನ ಕೈಗೆ ಒಪ್ಪಿಸ್ತೀನಿ. ಅವಳಿಗೆ ಲೋಕ ಗೊತ್ತಿಲ್ಲ. ಅವಳ ಮೇಲೆ ಯಾರ ಕಣ್ಣೂ ಬೀಳದ ಹಾಗೆ ನೋಡ್ಕೋ.” ಪುಟ್ಟಿ ಆಮೆನ್ ಅನ್ನುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಮಾಡಿದ ಪ್ರಾರ್ಥನೆ ಅಂದರೆ ಆ ಒಂದು ಮಾತು.

ಒಂದು ಮಧ್ಯಾಹ್ನ ಅಕ್ಕ ಗಾಜು ತರಲು ಗೋದಾಮಿಗೆ ಹೋಗಿದ್ದಳು. ಅಂಗಡಿಯೊಳಕ್ಕೆ ಒಬ್ಬ ಗಂಡಸು ಚಿಕ್ಕ ಹುಡುಗಿಯೊಬ್ಬಳ ಕೈ ಹಿಡಿದುಕೊಂಡು ಬಂದ. ಪುಟ್ಟಿ ತಲೆಯೆತ್ತಿದಳು. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

ಅವನು ಸರ್ವೇಯರ್. ಹಿಂದೊಮ್ಮೆ ಈ ಊರಿನಲ್ಲಿ ಕೆಲಸಕ್ಕಿದ್ದಾಗ ಅವರದೇ ಚರ್ಚಿನ ಹಾಡುವ ತಂಡದಲ್ಲಿದ್ದ. ಹಾಡುತ್ತಿದ್ದ ಅನ್ನುವುದಕ್ಕಿಂತ ಹಾಡುವವರ ಮಧ್ಯೆ ನಿಲ್ಲುತ್ತಿದ್ದ ಅನ್ನುವುದೇ ಸರಿ. ಜಮೀನು ಅಳೆಯುವಾಗ ಒಂದು ಗೆರೆಯೂ ತಪ್ಪದವನು ಹಾಡುವಾಗ ಮಾತ್ರ ಪಕ್ಕದವರ ಹೊಲಕ್ಕೆ ನುಗ್ಗಿಬಿಡುತ್ತಿದ್ದ. ಹಿಂದಿನ ಸಾಲಿನಲ್ಲಿ ನಿಂತ ಪುಟ್ಟಿ ನಗು ತಡೆಯಲಾಗದೆ ಒಮ್ಮೆ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನು ತಿರುಗಿ ನೋಡಿ ತಾನೂ ನಕ್ಕಿದ್ದ. ಶುರುವಾದದ್ದು ಹಾಗೆ. ಆಮೇಲೆ ಹಳೆಯ ನಕ್ಷೆಗಳಿಗೆ ಫ್ರೇಮ್ ಹಾಕಿಸುವ ನೆಪದಲ್ಲಿ ಅಂಗಡಿಗೆ ಬರತೊಡಗಿದ. ಅಷ್ಟು ನಕ್ಷೆಗಳನ್ನು ಅವನು ಯಾವ ಗೋಡೆಗೆ ತೂಗುಹಾಕುತ್ತಾನೋ ಎಂದು ಪುಟ್ಟಿ ಒಳಗೊಳಗೇ ಹಿಗ್ಗಿದ್ದಳು. “ಈ ಭಾನುವಾರ ನಿಮ್ಮಕ್ಕನ ಹತ್ರ ಮಾತಾಡ್ತೀನಿ” ಎಂದು ಅವನೇ ಹೇಳಿದ್ದ.

ಆ ಭಾನುವಾರ ಪುಟ್ಟಿ ತಾನು ನೋಡಿಕೊಳ್ಳುತ್ತಿದ್ದ ಸಂಡೇ ಸ್ಕೂಲಿನ ಮಕ್ಕಳನ್ನು ಹೇಗೋ ಸಾಗಹಾಕಿ ಮನೆಗೆ ಓಡಿಬಂದಾಗ ಅಕ್ಕ ಕಪ್ಪು-ಬಸಿ ತೊಳೆಯುತ್ತಿದ್ದಳು. “ಬಂದಿದ್ದ. ಚಹಾ ಕುಡ್ದು ಹೋದ. ನಿನ್ನ ಮಾತೇ ಎತ್ತಲಿಲ್ಲ” ಅಂದಳು. ಅವನು ಮತ್ತೆ ಹಾಡಲು ಬರಲಿಲ್ಲ. ಸ್ವಲ್ಪ ದಿನದಲ್ಲೇ ವರ್ಗ ಮಾಡಿಸಿಕೊಂಡು ಹೋದನೆಂದು ಸುದ್ದಿ ಬಂತು. ಪುಟ್ಟಿ ಕನ್ನಡಿಯಲ್ಲಿ ತನ್ನ ಮೂಗು ನೋಡಿಕೊಂಡಳು, ಬಣ್ಣ ನೋಡಿಕೊಂಡಳು, ಆಡಿದ ಮಾತುಗಳನ್ನೆಲ್ಲ ಹೆಕ್ಕಿ ಹೆಕ್ಕಿ ನೋಡಿಕೊಂಡಳು. ತನ್ನಲ್ಲೇ ಏನೋ ಕಡಿಮೆ ಎಂದು ತೀರ್ಮಾನಿಸಿ, ಆ ತೀರ್ಮಾನದ ಜೊತೆಯಲ್ಲೇ ಇಷ್ಟು ಕಾಲ ಬದುಕಿದ್ದಳು. ಆಗ ಅವಳು ಅತ್ತಾಗಲೆಲ್ಲ ಬೆನ್ನು ಸವರಿದವಳು ಅಕ್ಕ. “ಗಂಡಸರೇ ಹೀಗೆ ಪುಟ್ಟಿ, ಬಿಡು. ನಾನಿದೀನಲ್ಲ” ಅಂದವಳು ಅಕ್ಕ.

ಈಗ ಅದೇ ಸರ್ವೇಯರ್ ಮೇಜಿನ ಆಚೆ ನಿಂತಿದ್ದ. ಹೊಟ್ಟೆ ಸ್ವಲ್ಪ ಬಂದಿತ್ತು, ಕೂದಲು ಸ್ವಲ್ಪ ಹೋಗಿತ್ತು.

“ಚೆನ್ನಾಗಿದೀರಾ? ಮತ್ತೆ ಇದೇ ಊರಿಗೆ ವರ್ಗ ಆಯ್ತು. ಇವಳು ನನ್ನ ಮಗಳು. ಚಿತ್ರ ಬರೆದಿದಾಳೆ, ಗೋಡೆಗೆ ಹಾಕ್ಲೇಬೇಕಂತೆ.”

ಹುಡುಗಿ ಸುರುಳಿ ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಒಂದು ಮರ, ಮರದ ಮೇಲೆ ಒಂದು ಹಸು. ಹಸು ಮರ ಹತ್ತಿದ್ದು ಹೇಗೆಂದು ಪುಟ್ಟಿ ಕೇಳಿದಳು. ಏಣಿ ಇತ್ತು, ಈಗ ತೆಗೆದಿಟ್ಟಿದಾರೆ ಎಂದಳು ಹುಡುಗಿ. ಮೂವರೂ ನಕ್ಕರು. ಹುಡುಗಿ ಪಟ್ಟಿಗಳ ಬಣ್ಣ ನೋಡಲು ಗೋಡೆಯ ಹತ್ತಿರ ಹೋದಾಗ ಅವನು ದನಿ ತಗ್ಗಿಸಿದ.

“ಈಗ ಆರೋಗ್ಯ ಹೇಗಿದೆ?”

“ನನಗೇನಾಗಿದೆ? ಚೆನ್ನಾಗೇ ಇದೀನಿ.”

“ಅಲ್ಲ... ಈಗ್ಲೂ ಬರ್ತಾ ಇರುತ್ತಾ? ಮಾತ್ರೆ ಗೀತ್ರೆಯಿಂದ ಏನಾದ್ರೂ ಕಮ್ಮಿ ಆಯ್ತಾ?”

“ಏನು ಬರ್ತಾ ಇರುತ್ತಾ?”

ಅವನು ಮಗಳ ಕಡೆ ಒಮ್ಮೆ ನೋಡಿದ. “ಫಿಟ್ಸು” ಅಂದ.

ಪುಟ್ಟಿಗೆ ಮೊದಲು ಅರ್ಥವೇ ಆಗಲಿಲ್ಲ. ಅವನು ತಡವರಿಸುತ್ತ ಹೇಳಿದ. ಆ ಭಾನುವಾರ ಅಕ್ಕನೇ ಎಲ್ಲ ಹೇಳಿದ್ದಳಂತೆ. ತಂಗಿಗೆ ತಿಂಗಳಿಗೊಮ್ಮೆಯಾದರೂ ಫಿಟ್ಸ್ ಬರುತ್ತದೆ, ಮದುವೆಯಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ ಎಂದು. “ನೀವೇ ನನ್ನ ಮುಖ ನೋಡಿ ಹೇಳಕ್ಕಾಗದೆ ಅವರ ಹತ್ರ ಹೇಳ್ಸಿದೀರಿ ಅಂದ್ರು. ಅವಳನ್ನ ಏನೂ ಕೇಳ್ಬೇಡಿ, ನಾಚಿಕೆಯಿಂದ ಸತ್ತೇ ಹೋಗ್ತಾಳೆ ಅಂತ ಕೈ ಮುಗಿದ್ರು. ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನಾನು ಹೇಗೆ ಕೇಳ್ಲಿ?”

“ನನಗೆ ಫಿಟ್ಸ್ ಇಲ್ಲ” ಅಂದಳು ಪುಟ್ಟಿ. ತೀರಾ ಚಿಕ್ಕವಳಿದ್ದಾಗ ಜ್ವರ ನೆತ್ತಿಗೇರಿ ಒಂದೇ ಒಂದು ಸಲ ಬಂದಿತ್ತೆಂದು ಮನೆಯಲ್ಲಿ ಹೇಳುತ್ತಿದ್ದರು. ಅವಳಿಗೆ ಅದರ ನೆನಪೂ ಇರಲಿಲ್ಲ.

ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಹುಡುಗಿ ನೀಲಿ ಪಟ್ಟಿಯೊಂದನ್ನು ತಂದು “ಅಪ್ಪಾ, ಇದು” ಅಂದಳು. ಪುಟ್ಟಿ ಚಿತ್ರದ ಅಳತೆ ತೆಗೆದುಕೊಂಡಳು. ಎರಡು ಸಲ ತೆಗೆದುಕೊಂಡರೂ ಅಂಕಿ ತಲೆಯಲ್ಲಿ ನಿಲ್ಲಲಿಲ್ಲ.

ಬಾಗಿಲ ಹತ್ತಿರ ಹೋದವನು ತಿರುಗಿ ನಿಂತ. “ನಾನು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು.”

“ಹೌದು, ಕೇಳಬೇಕಿತ್ತು” ಅಂದಳು ಪುಟ್ಟಿ.

ಆ ದಿನ ಅವಳು ಅಕ್ಕನಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಅಕ್ಕ ಲೋಟಗಳನ್ನು ಸರಿಸಿ ಕಣ್ಣು ಮುಚ್ಚಿದಳು. “ನನ್ನ ತಂಗೀನ ನಿನ್ನ ಕೈಗೆ ಒಪ್ಪಿಸ್ತೀನಿ ಸ್ವಾಮಿ...” ಪ್ರಾರ್ಥನೆ ಮುಗಿಯಿತು. ಆಮೆನ್ ಬರಲಿಲ್ಲ. ಅಕ್ಕ ಕಾದಳು. ಆಮೇಲೆ ಒಂದೇ ಕಣ್ಣು ತೆರೆದು ನೋಡಿದಳು.

“ಯಾಕೆ, ಗಂಟಲು ಕಟ್ಟಿದ್ಯಾ?”

“ಸರ್ವೇಯರ್ ಬಂದಿದ್ರು ಅಕ್ಕ. ನನಗೆ ಫಿಟ್ಸ್ ಹೇಗಿದೆ ಅಂತ ವಿಚಾರಿಸಿದ್ರು.”

ಅಕ್ಕನ ಕೈ ಲೋಟದ ಮೇಲೆ ಹಾಗೇ ನಿಂತಿತು. “ಯಾವನೋ ಬಂದು ಏನೋ ಬೊಗಳಿದ್ರೆ ಅದನ್ನ ನಂಬೋದಾ?”

“ಅಕ್ಕ.”

“ಹೌದು, ಹೇಳ್ದೆ. ಏನೀಗ? ಚಿಕ್ಕೋಳಿದ್ದಾಗ ಬಂದಿರಲಿಲ್ವಾ? ಪೂರ್ತಿ ಸುಳ್ಳೇನಲ್ಲ.”

“ಒಂದು ಸಲ. ಜ್ವರಕ್ಕೆ.”

“ಆ ಒಂದು ಸಲ ನಿನ್ನ ಬಾಯಲ್ಲಿ ನೊರೆ ಬರ್ತಿದ್ದಾಗ ಅಮ್ಮ ಕೈಕಾಲು ಬಿಟ್ಟು ಕೂತಿದ್ಲು. ನಿನ್ನನ್ನ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನು. ಬರಿಗಾಲಲ್ಲಿ ಓಡಿದೀನಿ. ಅದು ನಿನಗೆ ಗೊತ್ತಾ?”

“ಗೊತ್ತು. ನೀನು ಎಷ್ಟೋ ಸಲ ಹೇಳಿದೀಯ. ಆದ್ರೆ ನನ್ನ ಮದುವೆ ಆಗ್ತಿತ್ತಲ್ಲ ಅಕ್ಕ.”

“ಆಗ್ತಿತ್ತು. ಆಗಿ ನೀನು ಹೋಗ್ತಿದ್ದೆ. ನಾನೇನು ಮಾಡ್ಬೇಕಿತ್ತು? ಈ ಗಾಜಿನ ಮಧ್ಯೆ ಒಬ್ಬಳೇ ಗೂಬೆ ಹಾಗೆ ಕೂತಿರ್ಬೇಕಿತ್ತಾ? ನನ್ನ ಬಾಳನ್ನೆಲ್ಲ ನಿನಗೋಸ್ಕರ ತೇದು ಹಾಕಿದೀನಿ. ಯಾವನೋ ಟೇಪು ಹಿಡ್ಕೊಂಡು ಬಂದು, ಅಳತೆ ಮಾಡಿ, ಎತ್ಕೊಂಡು ಹೋಗಕ್ಕಾ?”

“ನನ್ನ ಕೇಳಿದ್ದಿದ್ರೆ ನಿನ್ನ ಬಿಟ್ಟು ಹೋಗ್ತಿರಲಿಲ್ಲ. ನಿನ್ನನ್ನೂ ಕರ್ಕೊಂಡೇ ಹೋಗ್ತಿದ್ದೆ.”

ಅಕ್ಕ ಅವಳನ್ನೇ ನೋಡಿದಳು. ಆ ನೋಟದಲ್ಲಿ ಏನೋ ಅಲುಗಿದಂತಾಯಿತು. ಈಗ ಹೇಳುತ್ತಾಳೆ, ಈಗ ‘ತಪ್ಪಾಯ್ತು ಪುಟ್ಟಿ’ ಎನ್ನುತ್ತಾಳೆ ಎಂದು ತಂಗಿ ಕಾದಳು. ಅಕ್ಕ ಎದ್ದು ಲೋಟಗಳನ್ನು ತೊಳೆಯಲು ಹಾಕಿದಳು.

“ಹೊತ್ತಾಯ್ತು. ಅಂಗಡಿ ತೆಗೀಬೇಕು.”

ಅಂಗಡಿ ತೆಗೆದರು. ಗಾಜು ಬೇಕು ಅಂದರೆ ಗಾಜು, ಅಂಟು ಬೇಕು ಅಂದರೆ ಅಂಟು, ಅಷ್ಟೇ ಮಾತು. ಪುಟ್ಟಿ ಹಿಂದಿನ ಕೋಣೆಗೆ ಹೋಗಿ, ಗೋಡೆಗೊರಗಿಸಿದ ಗಾಜುಗಳ ಮುಂದೆ ನಿಂತು ಪ್ರಾರ್ಥಿಸಲು ನೋಡಿದಳು. “ಸ್ವಾಮಿ, ಈ ದಿನ ಕೊಟ್ಟಿದ್ದಕ್ಕೆ...” ಎಂದು ಶುರುಮಾಡಿದರೆ ಅದು ಅಕ್ಕನ ಮಾತು, ಅಕ್ಕನ ರಾಗ. ಇನ್ನೊಂದು ರೀತಿ ಅವಳಿಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಜಗಳಕ್ಕೆ ನಿಂತವರ ಹಾಗೆ ದನಿ ಹೊರಟಿತು.

“ನೋಡು, ನಿನಗೂ ಗೊತ್ತಿತ್ತಲ್ಲ. ಅವಳು ದಿನಾ ಬೆಳಿಗ್ಗೆ ನಿನ್ನ ಮುಂದೇನೇ ಕೂತಿರ್ತಿದ್ಲು. ಆ ಬಾಯಲ್ಲೇ ನನ್ನ ಹೆಸರು ಹೇಳ್ತಿದ್ಲು. ನೀನು ಕೇಳಿಸ್ಕೊಂಡು ಸುಮ್ನಿದ್ಯಲ್ಲ. ನೀನಾದ್ರೂ ನನಗೊಂದು ಮಾತು ಹೇಳ್ಬಾರದಿತ್ತಾ?”

ಹೇಳಿದ ಮೇಲೆ ಹೆದರಿಕೆಯಾಯಿತು. ಏನೂ ಆಗಲಿಲ್ಲ. ಹೊರಗೆ ಗಾಜಿನ ಮೇಲೆ ಅಕ್ಕನ ಕಟರು ಗೀರುವ ಸದ್ದು ಮಾತ್ರ ಕೇಳುತ್ತಿತ್ತು.

ಹಸುವಿನ ಚಿತ್ರಕ್ಕೆ ನೀಲಿ ಪಟ್ಟಿ ಕೂಡಿಸಿ ಫ್ರೇಮ್ ಸಿದ್ಧಮಾಡಿದವಳು ಪುಟ್ಟಿಯೇ. ತೆಗೆದುಕೊಂಡು ಹೋಗಲು ಸರ್ವೇಯರ್ ಬರಲಿಲ್ಲ, ಅವನ ಹೆಂಡತಿ ಬಂದಳು. ನಗುಮುಖದ, ಬಾಯಿತುಂಬ ಮಾತಾಡುವ ಹೆಂಗಸು. “ಎಷ್ಟು ಚೆನ್ನಾಗಿ ಮಾಡಿದೀರಿ! ನಮ್ಮ ಮನೆಯವರು ಹಾಡೋದು ಬಿಟ್ಟರೆ ನಮ್ಮನೇಲಿ ಎಲ್ಲಾ ಚೆನ್ನಾಗಿದೆ” ಎಂದು ನಕ್ಕಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಪುಟ್ಟಿಗೆ ಒಂದು ಕಾರಣವೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಚರ್ಚಿಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಳು. ಎಷ್ಟು ಹೊತ್ತಾಯಿತೋ, ಪಾಸ್ಟರಮ್ಮ ಹೂದಾನಿಯ ನೀರು ಬದಲಾಯಿಸಲು ಬಂದವರು ಅವಳನ್ನು ನೋಡಿ, ಪಾತ್ರೆ ಕೆಳಗಿಟ್ಟು ಪಕ್ಕದಲ್ಲಿ ಕುಳಿತರು. ಅವರು ಪಾಸ್ಟರ ಹೆಂಡತಿ, ಪುಟ್ಟಿಯ ಅಮ್ಮನ ವಾರಿಗೆಯವರು. ಯಾರನ್ನೂ ಕೆದಕಿ ಕೇಳುವವರಲ್ಲ.

“ಅಮ್ಮಾ, ಒಬ್ಬರು ಸಾಯಲಿ ಅಂತ ಕೇಳ್ಕೊಂಡ್ರೆ ಅದು ಪ್ರಾರ್ಥನೇನಾ?” ಎಂದಳು ಪುಟ್ಟಿ ಇದ್ದಕ್ಕಿದ್ದಂತೆ.

ಪಾಸ್ಟರಮ್ಮ ಬೆಚ್ಚಿಬೀಳಲಿಲ್ಲ. “ಯಾರ ಹತ್ರ ಕೇಳ್ಕೊಂಡೆ?”

“ದೇವರ ಹತ್ರ.”

“ಹಾಗಾದ್ರೆ ಪ್ರಾರ್ಥನೇನೇ. ಪಕ್ಕದ ಮನೆಯವರ ಹತ್ರ ಹೇಳಿದ್ರೆ ಚಾಡಿ ಆಗ್ತಿತ್ತು.” ಅವಳ ಕೈ ತಟ್ಟಿ, “ನಿನ್ನೊಳಗೆ ಇರೋದನ್ನೇ ಹೇಳು ಮಗಳೇ. ಇಲ್ಲದ್ದನ್ನ ಹೇಳಿದ್ರೆ ಅವನಿಗೇನು ಗೊತ್ತಾಗಲ್ವಾ? ಅವನು ಕೊಡೋದು ಬಿಡೋದು ಅವನಿಗೆ ಬಿಟ್ಟಿದ್ದು. ನೀನು ಕೇಳಿದ್ದನ್ನೆಲ್ಲ ಕೊಡೋವಷ್ಟು ದಡ್ಡನಲ್ಲ” ಅಂದರು.

ಪುಟ್ಟಿಗೆ ನಗುವೂ ಬಂತು, ಅಳುವೂ ಬಂತು. ಆದರೂ ಏನಾಯಿತೆಂದು ಹೇಳಲಿಲ್ಲ. ಅಕ್ಕನ ಮಾನವನ್ನು ಬೀದಿಗೆ ಹಾಕಲು ಮನಸ್ಸು ಬರಲಿಲ್ಲ.

ಅಂಥ ಹಿಂಜರಿಕೆ ಅಕ್ಕನಿಗೆ ಇರಲಿಲ್ಲ. ಬುಧವಾರದ ಹೆಂಗಸರ ಪ್ರಾರ್ಥನಾಕೂಟ ಚರ್ಚಿನ ಪಕ್ಕದ ಸಣ್ಣ ಹಾಲ್‌ನಲ್ಲಿ ನಡೆಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಹಾಕಿಕೊಂಡು, ಒಬ್ಬೊಬ್ಬರೂ ತಮ್ಮ ಮನೆಯ ಕಷ್ಟ ಹೇಳುತ್ತಿದ್ದರು. ಮಗನ ಪರೀಕ್ಷೆ, ಗಂಡನ ಬೆನ್ನುನೋವು, ಬಾಡಿಗೆ ಮನೆಯವರ ಕಾಟ. ಅಕ್ಕನ ಸರದಿ ಬಂತು. ಎಂದಿನಂತೆ ಪುಟ್ಟಿಯ ಪಕ್ಕದಲ್ಲೇ ಕುಳಿತಿದ್ದ ಅವಳು ಎದ್ದು ನಿಂತಳು.

“ನನ್ನ ತಂಗಿಗೋಸ್ಕರ ಪ್ರಾರ್ಥನೆ ಮಾಡಿ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಫಿಟ್ಸ್ ಇತ್ತು. ಈಗ ಅದು ತಿರುಗಿ ಬಂದಿದೆ. ತಲೆಗೇ ಹತ್ತಿದೆ. ಮನೇಲಿ ಏನೇನೋ ಮಾತಾಡ್ತಾಳೆ. ಆಗದೇ ಇರೋದನ್ನ ಆಯ್ತು ಅಂತಾಳೆ. ನನ್ನ ಮೇಲೇ...” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಾಟಕದ ಕಣ್ಣೀರಲ್ಲ. ನಿಜವಾದ ಕಣ್ಣೀರು. ಪುಟ್ಟಿಗೆ ತಡೆದುಕೊಳ್ಳಲಾಗದೆ ಹೋದದ್ದು ಅದೇ.

ಹೆಂಗಸರೆಲ್ಲ ‘ಅಯ್ಯೋ ಪಾಪ’ ಎನ್ನುತ್ತ ಎದ್ದು ಬಂದರು. ಪುಟ್ಟಿಯ ಕುರ್ಚಿಯ ಸುತ್ತ ನಿಂತು ಅವಳ ತಲೆಯ ಮೇಲೆ ಕೈಯಿಟ್ಟರು. ಬೇಕರಿಯವಳ ಭಾರವಾದ ಅಂಗೈ, ನರ್ಸಮ್ಮನ ಸಾಬೂನಿನ ವಾಸನೆಯ ಬೆರಳು, ಟೀಚರಮ್ಮನ ತಣ್ಣನೆಯ ಕೈ. ಪಾಸ್ಟರಮ್ಮನೂ ಬಂದರು. ಆ ಮಧ್ಯಾಹ್ನ ಈ ಹುಡುಗಿ ಆಡಿದ ಮಾತಿಗೆ ಈಗ ಅರ್ಥ ಸಿಕ್ಕಿತೆಂದುಕೊಂಡಿರಬೇಕು, ನಿಟ್ಟುಸಿರಿಟ್ಟು ಅವರೂ ಕೈಯಿಟ್ಟರು. ಇಲ್ಲದ ಕಾಯಿಲೆ ಬಿಟ್ಟುಹೋಗಲೆಂದು ಎಲ್ಲರೂ ಒಟ್ಟಿಗೆ ಪ್ರಾರ್ಥಿಸತೊಡಗಿದರು. ಅವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಪುಟ್ಟಿಯ ಮೇಲಿನ ಅಕ್ಕರೆಯಿಂದಲೇ ಅಷ್ಟು ಜೋರಾಗಿ ಬೇಡುತ್ತಿದ್ದರು.

ಆಗ ಅಷ್ಟು ಕೈಗಳ ನಡುವೆ ಇನ್ನೊಂದು ಕೈ ಬಂದು ಕುಳಿತಿತು. ಕಣ್ಣು ಮುಚ್ಚಿಕೊಂಡಿದ್ದರೂ ಪುಟ್ಟಿಗೆ ಅದು ಯಾರದೆಂದು ಗೊತ್ತಾಯಿತು. ಗಾಜು ಗೀರಿ ಗೀರಿ ಒರಟಾದ ಬೆರಳು. ಬೈತಲೆ ತೆಗೆದ ಕೈ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಕೈ. ಅದು ನೆತ್ತಿಯ ಮೇಲೆ ಮೆತ್ತಗೆ ಕೂತು, ಹಳೆಯ ರೂಢಿಯಂತೆ ಒಮ್ಮೆ ಕೂದಲು ಸವರಿತು.

ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. ದೇವರು ಮುಟ್ಟಿದ್ದಾನೆ ಎಂದುಕೊಂಡ ಹೆಂಗಸರ ದನಿ ಇನ್ನೂ ಏರಿತು. ಆ ಗದ್ದಲದ ಅಡಿಯಿಂದ ಅವಳು ಮಾತಾಡತೊಡಗಿದಾಗ ಮೊದಲು ಯಾರಿಗೂ ಕೇಳಿಸಲಿಲ್ಲ.

“ತಂದೇ, ನನಗೆ ಯಾವ ಕಾಯಿಲೆಯೂ ಇಲ್ಲ.”

ಹತ್ತಿರದವರ ಪ್ರಾರ್ಥನೆ ನಿಂತಿತು.

“ಇಲ್ಲ ಅಂತ ನಿನಗೆ ಗೊತ್ತು. ಅಕ್ಕನಿಗೂ ಗೊತ್ತು. ನನ್ನ ಮದುವೆ ನಿಲ್ಸಕ್ಕೆ ಅವಳು ಆ ಸುಳ್ಳು ಹೇಳಿದ್ಲು. ಈಗ ನನ್ನ ಬಾಯಿ ಮುಚ್ಸಕ್ಕೆ ಅದನ್ನೇ ಮತ್ತೆ ಹೇಳ್ತಿದಾಳೆ. ಇದನ್ನ ನಾನು ಯಾರ ಮುಂದೇನೂ ಹೇಳ್ಬಾರದು ಅಂತಿದ್ದೆ. ನನಗೆ ಅವಳನ್ನ ಕ್ಷಮಿಸಕ್ಕೆ ಆಗ್ತಿಲ್ಲ. ಕ್ಷಮಿಸೋ ಮನಸ್ಸೂ ಇಲ್ಲ. ಆದ್ರೆ ಅವಳು ನನ್ನ ಕೈಯಲ್ಲಿದ್ರೆ ನಾನೇನಾದ್ರೂ ಮಾಡ್ಬಿಡ್ತೀನಿ. ಅದಕ್ಕೆ ನಿನ್ನ ಕೈಗೆ ಕೊಡ್ತಿದೀನಿ. ಅವಳನ್ನ ನೀನು ಇಟ್ಕೋ. ನಾನು ಹಿಡ್ಕೊಳ್ಳಾರೆ.”

ತಲೆಯ ಮೇಲಿನ ಕೈಗಳು ಒಂದೊಂದಾಗಿ ಜಾರಿದವು. ಕೊನೆಗೆ ಉಳಿದದ್ದು ಅಕ್ಕನ ಕೈ. ಆಮೇಲೆ ಅದೂ ಹೋಯಿತು. ಅಕ್ಕ ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ಯಾರೂ ತಡೆಯಲಿಲ್ಲ, ಯಾರೂ ಹಿಂದೆ ಹೋಗಲಿಲ್ಲ.

ಎಲ್ಲರೂ ಹೊರಟುಹೋದ ಮೇಲೆ ಪಾಸ್ಟರಮ್ಮ ಉಳಿದರು. ಎದುರಿನ ಕುರ್ಚಿ ಎಳೆದುಕೊಂಡು ಪುಟ್ಟಿಯ ಕೈ ಹಿಡಿದುಕೊಂಡರು. “ನಾನೂ ಕೈಯಿಟ್ಟೆನಲ್ಲ ಮಗಳೇ. ನಿನ್ನ ಒಂದು ಮಾತು ಕೇಳದೆ ಇಟ್ಟೆ. ತಪ್ಪಾಯ್ತು, ನನ್ನ ಕ್ಷಮಿಸು.”

“ಆಯ್ತಮ್ಮ” ಅಂದಳು ಪುಟ್ಟಿ. ಅಷ್ಟು ಸಲೀಸಾಗಿ ಬಂದ ಆ ಮಾತು ಅವಳಿಗೇ ಆಶ್ಚರ್ಯ ತಂದಿತು. ಅಕ್ಕನ ಬಾಯಿಂದ ಕೇಳಲು ತಾನು ಕಾಯುತ್ತಿದ್ದದ್ದು ಆ ಒಂದು ‘ತಪ್ಪಾಯ್ತು’ ಅಷ್ಟೇ. ಅಕ್ಕ ಇಷ್ಟು ಅಂದಿದ್ದರೆ ಅವಳ ಮಡಿಲಲ್ಲಿ ತಲೆಯಿಟ್ಟು ಎಲ್ಲ ಮರೆತುಬಿಡುತ್ತಿದ್ದೆನೇನೋ ಎನ್ನಿಸಿ ಮತ್ತೆ ಅಳು ಒತ್ತಿಬಂತು.

“ಆ ಮನೆಗೆ ವಾಪಸ್ ಹೋಗ್ಲೇಬೇಕಾ ಅಮ್ಮ? ಹೋಗದಿದ್ರೆ ಪಾಪ ಅಲ್ವಾ?”

“ಅವಳ ಮೇಲೆ ದ್ವೇಷ ಸಾಧಿಸ್ಬೇಡ ಅಂತ ಹೇಳ್ತೀನಿ. ಅವಳ ಜೊತೇಲೇ ಇರು ಅಂತ ಹೇಳಲ್ಲ. ಅದೇ ಬೇರೆ, ಇದೇ ಬೇರೆ. ಕ್ಷಮಿಸೋದು ಇವತ್ತೇ ಆಗ್ಬೇಕು ಅಂತಾನೂ ನಿನ್ನ ಕತ್ತಿನ ಮೇಲೆ ಕೂರಲ್ಲ. ದಿನಾ ಅವಳ ಹೆಸರು ಹೇಳು ಸಾಕು. ಬೈಯೋದಿದ್ರೆ ಬೈದೇ ಹೇಳು.”

ಪುಟ್ಟಿ ಮನೆ ಬಿಟ್ಟಳು. ಬಟ್ಟೆಬರೆ ತೆಗೆದುಕೊಳ್ಳಲು ಹೋದಾಗ ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಪಾತ್ರೆಗಳ ಸದ್ದು ಮಾತ್ರ ಬೇಕೆಂದೇ ಜೋರಾಗಿತ್ತು. “ಬರ್ತೀನಿ ಅಕ್ಕ” ಅಂದಾಗ ಆ ಸದ್ದೂ ನಿಂತಿತು.

ಟೀಚರಮ್ಮನ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಊರಿನ ಇನ್ನೊಂದು ತುದಿಯಲ್ಲಿ ಕಿಟಕಿ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ಮೂಲೆ ಕೂಡಿಸುವ ಕೆಲಸವೇ, ಅಳತೆ ದೊಡ್ಡದು ಅಷ್ಟೇ. ಅಲ್ಲಿಯ ಮೇಸ್ತ್ರಿ ಅವಳನ್ನು ಏನಾದರೂ ಕೇಳಿದರೆ ಅವಳು ಮೊದಮೊದಲು ಯಾರೋ ಉತ್ತರ ಕೊಡಲಿ ಎಂಬಂತೆ ಪಕ್ಕಕ್ಕೆ ನೋಡುತ್ತಿದ್ದಳು. “ಅಲ್ಲಿ ಯಾರಿದಾರಮ್ಮ? ನಿನ್ನನ್ನೇ ಕೇಳ್ತಿರೋದು” ಎನ್ನುತ್ತಿದ್ದ ಅವನು. ಬರಬರುತ್ತ ಉತ್ತರ ಕೊಡುವುದು ಅಭ್ಯಾಸವಾಯಿತು. ಯಾವ ಸೀರೆ ಉಡಬೇಕು, ಅಡುಗೆಗೆ ಎಷ್ಟು ಉಪ್ಪು ಹಾಕಬೇಕು ಎಂದು ತಾನೇ ನಿರ್ಧರಿಸುವುದೂ ಅಭ್ಯಾಸವಾಯಿತು. ಉಪ್ಪು ಮಾತ್ರ ಯಾಕೋ ಯಾವಾಗಲೂ ಹೆಚ್ಚೇ ಬೀಳುತ್ತಿತ್ತು.

ದಿನಾ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಅಕ್ಕನ ಹೆಸರು ಹೇಳುತ್ತಿದ್ದಳು. ಮೊದಮೊದಲು ಬೈಗುಳವೇ. ‘ಅವಳಿಗೂ ಹೀಗೇ ಉರಿಯಲಿ’ ಎನ್ನುವಳು. ಕೆಲವು ದಿನ ಹೆಸರು ಹೇಳಿ ಸುಮ್ಮನೆ ಕೂರುವಳು. ‘ನಾನೇ ಬಿಟ್ಟುಬಂದು ತಪ್ಪು ಮಾಡಿದೆನಾ’ ಎಂದು ಕೇಳುವಳು. ಮಳೆ ಹಿಡಿದುಕೊಂಡ ಒಂದು ಬೆಳಿಗ್ಗೆ ತನಗರಿವಿಲ್ಲದೆ, “ಸ್ವಾಮಿ, ಈ ಥಂಡಿಗೆ ಅವಳ ಮಂಡಿ ಹಿಡ್ಕೊಳ್ಳುತ್ತೆ. ಗಾಜಿನ ಹಲಗೆ ಎತ್ತುವಾಗ ಜೊತೆಗೆ ಯಾರಾದ್ರೂ ಇರಲಿ” ಎಂದುಬಿಟ್ಟಳು. ಅಂದ ಮೇಲೆ ತನ್ನ ಮೇಲೇ ಕೋಪ ಬಂತು. ಮಾರನೆಯ ದಿನ ಮತ್ತೆ ಬೈದಳು. ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಜಾರುವ ಕೆಸರುದಾರಿಯಂತಿತ್ತು ಅದು.

ಅಕ್ಕ ಆ ಚರ್ಚಿಗೆ ಬರುವುದನ್ನು ಬಿಟ್ಟಳು. ಇನ್ನೊಂದು ಬಡಾವಣೆಯ ಸಭೆಗೆ ಹೋಗುತ್ತಾಳೆಂದು ಯಾರೋ ಹೇಳಿದರು. ಪಾಸ್ಟರಮ್ಮ ಎರಡು ಸಲ ಅಂಗಡಿಗೆ ಹೋಗಿ ಬಂದರು. ಮೊದಲ ಸಲ ಅಕ್ಕ ಕುರ್ಚಿ ಕೊಟ್ಟಳು, ಎರಡನೆಯ ಸಲ ಅದನ್ನೂ ಕೊಡಲಿಲ್ಲ.

ಚಳಿಗಾಲ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಪುಟ್ಟಿ ಕೆಲಸಕ್ಕೆ ಹೋಗುವ ಮೊದಲು ಆ ಬೀದಿಗೆ ಹೋದಳು. ಹೋಗಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ. ಕ್ಷಮಿಸಿ ಮುಗಿದಿದೆ ಎಂದೂ ಅಲ್ಲ. ಕಾಲು ಎಳೆದುಕೊಂಡು ಹೋಯಿತು ಅಷ್ಟೇ. ಅಂಗಡಿ ತೆರೆದಿತ್ತು. ಅಕ್ಕ ಒಬ್ಬಳೇ ಮೇಜಿನ ಮೇಲೆ ಬಗ್ಗಿ ಮರದ ಪಟ್ಟಿಗಳನ್ನು ಕೂಡಿಸಲು ಹೆಣಗುತ್ತಿದ್ದಳು. ಆ ಕೆಲಸ ಅವಳಿಗೆ ಎಂದೂ ಒಗ್ಗಿದ್ದಲ್ಲ. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಅವಳು ಇಳಿದುಹೋಗಿದ್ದಳು. ಕತ್ತಿನ ಮೂಳೆ ಕಾಣುತ್ತಿತ್ತು.

ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ ಅಕ್ಕ ಪುಟ್ಟಿಯನ್ನು ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

“ಏನ್ ಬೇಕಿತ್ತು?” ಎಂದಳು, ಗಿರಾಕಿಯನ್ನು ಕೇಳುವ ದನಿಯಲ್ಲಿ.

“ಏನಿಲ್ಲ ಅಕ್ಕ. ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ನೋಡಿದ್ಯಲ್ಲ.”

“ಊಟ ಸರಿಯಾಗಿ ಮಾಡ್ತಿದೀಯಾ? ಸಣ್ಣ ಆಗಿದೀಯ.”

“ಮರ್ಯಾದೆ ಕಳೆದೋರು ಆರೋಗ್ಯ ವಿಚಾರಿಸೋದು ಬೇಡ.” ಅಕ್ಕ ಸುತ್ತಿಗೆ ಎತ್ತಿಕೊಂಡಳು. “ನನಗೆ ತಂಗಿ ಅಂತ ಇದ್ಲು. ಬೆಳೆಸಿದ್ದೆ. ಈಗ ಇಲ್ಲ.”

“ಇದೀನಿ ಅಕ್ಕ” ಅಂದಳು ಪುಟ್ಟಿ. “ನೀನು ಬೇಡ ಅಂದ್ರೂ ಇರ್ತೀನಿ. ಆದ್ರೆ ನೀನು ಮಾಡಿದ್ದು ಸರಿ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ.”

ಅಕ್ಕ ಮೊಳೆಯ ಮೇಲೆ ಸುತ್ತಿಗೆ ಹೊಡೆದಳು. ಮೊಳೆ ಡೊಂಕಾಯಿತು. ಅದನ್ನು ಕಿತ್ತು ಇನ್ನೊಂದು ಹಿಡಿದಳು. ಪುಟ್ಟಿಯ ಕೈ ತಾನಾಗಿ ಮುಂದೆ ಹೋಗುವುದರಲ್ಲಿತ್ತು. ಹಿಂದಕ್ಕೆಳೆದುಕೊಂಡಳು. ಕೂಡಿಸಿಕೊಡು ಎಂದು ಅಕ್ಕ ಕೇಳಲಿಲ್ಲ. ಕೇಳದೆ ಕೈಹಾಕಲು ಇವಳಿಗೂ ಧೈರ್ಯವಾಗಲಿಲ್ಲ. ಮೆಟ್ಟಿಲಿಳಿದು ಬಂದಳು.

ಬಸ್ ನಿಲ್ದಾಣದವರೆಗೂ ಹೇಗೋ ತಡೆದುಕೊಂಡಳು. ಅಲ್ಲಿ ಕಂಬಕ್ಕೊರಗಿ ನಿಂತಾಗ ಅಳು ಉಕ್ಕಿ ಬಂತು. ಓಡಾಡುವ ಜನರ ನಡುವೆ, ಕಣ್ಣು ತೆರೆದುಕೊಂಡೇ ಅವಳು ಪ್ರಾರ್ಥಿಸಿದಳು.

“ತಂದೇ, ನಾನು ಹೋಗಿದ್ದೆ. ನೀನೂ ನೋಡ್ದೆ. ಅವಳು ತಪ್ಪು ಒಪ್ಕೊಳ್ಳಲಿ ಅಂತ ಇಷ್ಟು ದಿನ ಕೇಳ್ದೆ. ಈಗ್ಲೂ ಕೇಳ್ತೀನಿ. ಆದ್ರೆ ನಿಜ ಹೇಳ್ತೀನಿ, ನನಗೆ ನನ್ನ ಅಕ್ಕ ಬೇಕು. ಅಷ್ಟೇ. ಅವಳಿಲ್ಲದೆ ನನಗೆ ಆಗ್ತಿಲ್ಲ. ಅವಳ ಜೊತೇಲೂ ಇರಕ್ಕಾಗಲ್ಲ. ಇದಕ್ಕೆ ಏನು ಮಾಡ್ತೀಯೋ ನನಗೆ ಗೊತ್ತಿಲ್ಲ. ನೀನೇ ನೋಡು.”

ಆಕಾಶದಿಂದ ದನಿಯೇನೂ ಬರಲಿಲ್ಲ. ಮನಸ್ಸಿಗೆ ಸಮಾಧಾನವೂ ಸಿಗಲಿಲ್ಲ. ಅತ್ತದ್ದರಿಂದ ತಲೆ ಮಾತ್ರ ಸಿಡಿಯುತ್ತಿತ್ತು. ಆದರೆ ಹೇಳಬೇಕಾದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅದರಲ್ಲಿ ಒಂದು ಮಾತೂ ಬೇರೆಯವರದಾಗಿರಲಿಲ್ಲ.

ಬಸ್ಸು ತಡವಾಗಿ ಬಂತು, ಕಿಕ್ಕಿರಿದಿತ್ತು. ಪಕ್ಕದಲ್ಲಿ ಜೋತುಬಿದ್ದು ನಿಂತಿದ್ದ ಮುದುಕಿಯೊಬ್ಬಳು ಅವಳ ಮುಖ ನೋಡಿ, “ಯಾರಾದ್ರೂ ಹೋಗ್ಬಿಟ್ರಾ ಮಗಾ?” ಎಂದು ಕೇಳಿದಳು.

“ಇಲ್ಲಜ್ಜಿ, ಇದಾರೆ” ಅಂದಳು ಪುಟ್ಟಿ. ಅದನ್ನು ಹೇಳುವಾಗಲೇ ಅವಳಿಗೆ ಮತ್ತೆ ಅಳು ಬಂತು.